ಹೊಂಡಕ್ಕೆ ಸಹಾಯಧನ, ಬೆಳೆಗೆ ಸಾಲ: ಏನು ಕೇಳಬೇಕು, ಎಲ್ಲಿ ಕೇಳಬೇಕು

ಮುಂಗಾರು ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ಯಾವ ರೈತ ಸಂಪರ್ಕ ಕೇಂದ್ರಕ್ಕೆ ಹೋದರೂ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ. "ಸಾಹೇಬ್ರ, ಈ ಸಲ ಯಾವ ಸ್ಕೀಮ್ ಬಂದೈತ್ರಿ?" ಬೀಜಕ್ಕೆಂದು ಬಂದವರು ಇದನ್ನೂ ಕೇಳಿಕೊಂಡು ಹೋಗುತ್ತಾರೆ. ಉತ್ತರವಾಗಿ ಒಂದು ಯೋಜನೆಯ ಹೆಸರು ಸಿಗುತ್ತದೆ, ಜೊತೆಗೆ ತರಬೇಕಾದ ಕಾಗದಗಳ ಪಟ್ಟಿ. ಆ ದುಡ್ಡು ಸಹಾಯಧನವೋ ಸಾಲವೋ, ಯಾವ ಇಲಾಖೆಯದು, ನಮ್ಮ ಹೊಲಕ್ಕೆ ಅದರ ಅಗತ್ಯ ಇದೆಯೋ ಇಲ್ಲವೋ ಅನ್ನುವುದು ಅಲ್ಲಿ ಚರ್ಚೆಗೇ ಬರುವುದಿಲ್ಲ.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅರ್ಧ ಕೆಲಸ ಆದಂತೆ. ನನ್ನ ಹೊಲಕ್ಕೆ ಏನು ಬೇಕು? ನೀರು ನಿಲ್ಲಬೇಕಾ, ಮಣ್ಣು ಕೊಚ್ಚಿ ಹೋಗುವುದು ತಪ್ಪಬೇಕಾ, ಬಿತ್ತನೆಗೆ ಕೈಯಲ್ಲಿ ದುಡ್ಡು ಬೇಕಾ? ಒಂದೊಂದಕ್ಕೂ ಒಂದೊಂದು ಬಾಗಿಲು ಇದೆ. ಯಾವುದು ಎಲ್ಲಿದೆ ಅಂತ ಈ ಬರಹದಲ್ಲಿ ಮೊದಲಿನಿಂದ ನೋಡೋಣ.

ದುಡ್ಡು ಬರುವ ದಾರಿಗಳು

ಸಹಾಯಧನ ಅಂದರೆ ವಾಪಸ್ ಕೊಡಬೇಕಿಲ್ಲದ ದುಡ್ಡು. ಸಬ್ಸಿಡಿ ಅನ್ನುವುದು ಇದಕ್ಕೇ. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಕೊಡುತ್ತವೆ, ಹೆಚ್ಚಾಗಿ ಒಂದು ನಿರ್ದಿಷ್ಟ ಕೆಲಸಕ್ಕೆ ಅಥವಾ ಸಾಮಾನಿಗೆ.

ಸಾಲ ಅಂದರೆ ವಾಪಸ್ ಕೊಡಬೇಕಾದದ್ದು. ಬ್ಯಾಂಕ್ ಅಥವಾ ಸಹಕಾರಿ ಸಂಘ ಕೊಡುತ್ತದೆ. ಇದರಲ್ಲಿ ಸರ್ಕಾರದ ಪಾಲು ಬಡ್ಡಿಯಲ್ಲಿ ಮಾತ್ರ. ಬಡ್ಡಿಯ ಒಂದು ಭಾಗವನ್ನೋ ಪೂರ್ತಿಯನ್ನೋ ರೈತನ ಬದಲು ಸರ್ಕಾರ ಬ್ಯಾಂಕಿಗೆ ಕಟ್ಟುತ್ತದೆ. ಇದಕ್ಕೆ ಬಡ್ಡಿ ರಿಯಾಯಿತಿ ಅಂತ ಹೆಸರು. "ಸರ್ಕಾರಿ ಸಾಲ, ಕಟ್ಟದಿದ್ದರೂ ನಡೀತದ" ಅನ್ನುವ ಮಾತು ಊರಲ್ಲಿ ಆಗಾಗ ಕೇಳುತ್ತೇವಲ್ಲ, ಅದನ್ನು ನಂಬಿ ಕೂತರೆ ರೈತನಿಗೇ ನಷ್ಟ. ಅಸಲು ಪೂರ್ತಿ ನಿಮ್ಮ ಮೇಲೇ ಇರುತ್ತದೆ. ದಿನ ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ.

ಇನ್ನೊಂದು ಕೂಲಿಯ ದಾರಿ. ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿಯಲ್ಲಿ ಸಣ್ಣ ರೈತರ ಹೊಲದಲ್ಲೇ ಬದು, ಹೊಂಡದಂಥ ಕೆಲಸ ತೆಗೆದುಕೊಂಡು ಕೂಲಿ ಕೊಡುವ ಪದ್ಧತಿ ಇದೆ. ಇದಕ್ಕೆ ಕೇಳಬೇಕಾದದ್ದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ನಿಮ್ಮ ಕೆಲಸ ಈ ವರ್ಷದ ಪಟ್ಟಿಗೆ ಸೇರುತ್ತದೋ ಇಲ್ಲವೋ ಅಂತ ಮೊದಲೇ ವಿಚಾರಿಸಿ.

ಇಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ. ಒಂದು ಹೆಕ್ಟೇರ್‌ವರೆಗೆ, ಅಂದರೆ ಸುಮಾರು ಎರಡೂವರೆ ಎಕರೆವರೆಗೆ ಹೊಲ ಇದ್ದವರು ಅತಿ ಸಣ್ಣ ರೈತರು. ಅದಕ್ಕಿಂತ ಜಾಸ್ತಿ ಇದ್ದು 2 ಹೆಕ್ಟೇರ್ ದಾಟದವರು, ಅಂದರೆ ಐದು ಎಕರೆ ಒಳಗಿನವರು ಸಣ್ಣ ರೈತರು. ಇದರ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ.

ಎಲ್ಲಕ್ಕೂ ಮೊದಲು ಉತಾರ

ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಉತಾರ. ಪಹಣಿ, ಆರ್‌ಟಿಸಿ ಅಂದರೂ ಅದೇ. ಅರ್ಜಿ ತಿರಸ್ಕಾರ ಆಗುವುದು ಬಹಳ ಸಲ ಇಲ್ಲೇ. ಆದ್ದರಿಂದ ನಿಮ್ಮ ಉತಾರವನ್ನು ಒಮ್ಮೆ ಕೈಯಲ್ಲಿ ಹಿಡಿದು ನಿಧಾನವಾಗಿ ಓದಿ.

9ನೇ ಕಾಲಂ ನೋಡಿ. ಅಲ್ಲಿ ಇರುವುದು ಹೊಲ ಯಾರ ಹೆಸರಿನಲ್ಲಿದೆ ಅನ್ನುವುದು. ಅಪ್ಪನೋ ಅಜ್ಜನೋ ತೀರಿಕೊಂಡು ವರ್ಷಗಳಾಗಿದ್ದರೂ ಅವರ ಹೆಸರೇ ಇದ್ದರೆ ನಿಮ್ಮ ಹೆಸರಿನಲ್ಲಿ ಸಹಾಯಧನವೂ ಸಿಗುವುದಿಲ್ಲ, ಸಾಲವೂ ಸಿಗುವುದಿಲ್ಲ. ವಾರಸಾ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಉಳುಮೆ ಮಾಡುತ್ತಿದ್ದರೂ ಉತಾರದಲ್ಲಿ ಎಲ್ಲರ ಹೆಸರೂ ಒಟ್ಟಿಗೇ ಇದ್ದರೆ ಅದು ಜಂಟಿ ಖಾತೆ. ಆಗ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಮನೆಯಲ್ಲಿ ಮಾತುಕತೆ ಚೆನ್ನಾಗಿದ್ದಾಗಲೇ ಪೋಡಿ, ಅಂದರೆ ಅಳತೆ ಮಾಡಿಸಿ ದಾಖಲೆಯಲ್ಲಿ ಪಾಲು ಬೇರೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ 11ನೇ ಕಾಲಂ. ಸಾಲದ ಬೋಜಾ, ಅಂದರೆ ಹೊಲದ ಮೇಲೆ ಸಾಲ ಇದೆ ಅನ್ನುವ ನಮೂದು, ಕೂರುವುದು ಇಲ್ಲಿ. ಎಂದೋ ತೀರಿಸಿದ ಸೊಸೈಟಿ ಸಾಲ ಇನ್ನೂ ಇಲ್ಲಿ ಉಳಿದುಕೊಂಡಿರುವುದು ತುಂಬಾ ಸಾಮಾನ್ಯ. ಸಾಲ ತೀರಿತು ಅಂತ ಸುಮ್ನೆ ಮನೆಗೆ ಬಂದರೆ ಬೋಜಾ ತಾನಾಗಿಯೇ ಹೋಗುವುದಿಲ್ಲ. ಸಾಲ ಕೊಟ್ಟವರಿಂದ ಬೇಬಾಕಿ ಪತ್ರ ಪಡೆದು ಅದನ್ನು ಭೂಮಿ ದಾಖಲೆಯಲ್ಲಿ ಇಳಿಸಬೇಕು. ಹೊಸ ಸಾಲಕ್ಕೆ ಹೋದ ದಿನ ಇದು ಗೊತ್ತಾದರೆ ಬಿತ್ತನೆ ಸಮಯ ಓಡಾಟದಲ್ಲೇ ಕಳೆದುಹೋಗುತ್ತದೆ.

ಉತಾರ ಸರಿ ಆದ ಮೇಲೆ ಎಫ್‌ಐಡಿ. ರಾಜ್ಯ ಸರ್ಕಾರದ 'ಫ್ರೂಟ್ಸ್' ತಂತ್ರಾಂಶದಲ್ಲಿ ಪ್ರತಿ ರೈತನಿಗೆ ಕೊಡುವ ನಂಬರ್ ಇದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಉತಾರ, ಫೋಟೊ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಒಯ್ಯಬೇಕು, ಏಕೆಂದರೆ ಸಹಾಯಧನದ ಪ್ರಮಾಣ ಅದರ ಮೇಲೆ ಬದಲಾಗುತ್ತದೆ. ಎಫ್‌ಐಡಿ ಈಗಾಗಲೇ ಇದೆ ಅನ್ನುವವರು ಒಂದು ವಿಷಯ ನೋಡಿಕೊಳ್ಳಿ: ನಿಮ್ಮ ಎಲ್ಲಾ ಸರ್ವೆ ನಂಬರ್ ಅದರಲ್ಲಿ ಸೇರಿವೆಯಾ? ಮೂರು ಕಡೆ ಹೊಲ ಇದ್ದು ಒಂದೇ ಸೇರಿಸಿದ್ದರೆ ಇಲಾಖೆ ಲೆಕ್ಕದಲ್ಲಿ ನಿಮಗೆ ಅಷ್ಟೇ ಹೊಲ.

ಮಳೆ ನೀರು ಹೊಲದಲ್ಲೇ ನಿಲ್ಲಬೇಕಾದರೆ

"ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತ ನಮ್ಮ ಕಡೆ ಗಾದೆ. ಡೋಣಿ ಹೊಳೆ ದಂಡೆಯ ಎರೆ ಹೊಲಕ್ಕೆ ತೇವ ಹಿಡಿದಿಟ್ಟುಕೊಳ್ಳುವ ಗುಣ ಅಷ್ಟಿದೆ. ಆದರೆ ಇಡೀ ವರ್ಷದ ಮಳೆ 600 ಮಿಲಿಮೀಟರ್ ಮುಟ್ಟುವುದೂ ಕಷ್ಟ ಇರುವ ಸೀಮೆ ನಮ್ಮದು. ಬಂದಾಗ ಒಮ್ಮೆಗೇ ಹೊಡೆಯುತ್ತದೆ, ಹೋದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಒಣ ಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಆಗಿನ ಬಿಜಾಪುರದಲ್ಲಿ ಶುರುವಾದದ್ದು ಇದೇ ಕಾರಣಕ್ಕೆ.

ಮೊದಲು ಹೆಚ್ಚು ಖರ್ಚಿಲ್ಲದ ಒಂದು ಕೆಲಸ ಹೇಳುತ್ತೇನೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ಎರೆ ಹೊಲ ಮುಂಗಾರಿನಲ್ಲಿ ಖಾಲಿ ಬಿದ್ದಿರುತ್ತದಲ್ಲ, ಆಗ ಜೂನ್, ಜುಲೈನಲ್ಲಿ ಹತ್ತರಿಂದ ಹದಿನೈದು ಅಡಿಯ ಚೌಕ ಚೌಕವಾಗಿ ಸಣ್ಣ ಬದು ಎಬ್ಬಿಸುವುದು. ಇದಕ್ಕೆ ಚೌಕುಮಡಿ ಅನ್ನುತ್ತಾರೆ. ಬಿದ್ದ ಮಳೆ ಆಯಾ ಮಡಿಯಲ್ಲೇ ಇಂಗುತ್ತದೆ, ಮೇಲ್ಮಣ್ಣು ಹರಿದು ಹಳ್ಳ ಸೇರುವುದಿಲ್ಲ. ಬಿತ್ತುವ ಹೊತ್ತಿಗೆ ನೆಲದಲ್ಲಿ ತೇವ ಇರುತ್ತದೆ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಹೊಂಡದ ಅರ್ಜಿ ಯಾವಾಗ ಪಾಸಾಗುತ್ತದೋ ಅಂತ ಕಾಯುವ ವರ್ಷವೂ ಇದನ್ನು ಮಾಡಬಹುದು.

ಇನ್ನು ಕೃಷಿ ಹೊಂಡ. ರಾಜ್ಯದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾಯಿತು. ನಡುವೆ ನಿಂತು, 2023-24ರಲ್ಲಿ ಮತ್ತೆ ಬಂತು. ಇದು ಮಳೆಯಾಶ್ರಿತ ಹೊಲಗಳಿಗೆ. ಕ್ಷೇತ್ರ ಬದು, ಹೊಂಡ, ಹೊಂಡದ ಸುತ್ತ ತಂತಿ ಬೇಲಿ, ನೀರೆತ್ತುವ ಪಂಪ್, ಹನಿ ಅಥವಾ ತುಂತುರು ನೀರಾವರಿ ಎಲ್ಲವೂ ಒಂದೇ ಪ್ಯಾಕೇಜ್‌ನಲ್ಲಿ ಬರುತ್ತವೆ. ಬದು ಮತ್ತು ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ಬೇಲಿಗೆ ಶೇ 40 ಮತ್ತು ಶೇ 50. ಬೇಲಿ ದುಡ್ಡು ಉಳಿಸೋಣ ಅಂತ ಯಾರೂ ಯೋಚಿಸಬೇಡಿ. ಹೊಂಡಕ್ಕೆ ಮಕ್ಕಳು ಬಿದ್ದ ಸುದ್ದಿ ಓದುತ್ತಲೇ ಇರುತ್ತೇವೆ.

ಒಂದು ಹೊಂಡದಿಂದ ಎಷ್ಟು ಉಪಯೋಗ? ಲೆಕ್ಕ ಹಾಕೋಣ. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್, ದಡ ಇಳಿಜಾರಾಗಿ ಕೆಳಗೆ 6 ಮೀಟರ್ ಚೌಕ ಉಳಿದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲುವಷ್ಟು ಹಾಯಿಸಬೇಕೆಂದರೆ ಬೇಕಾಗುವುದು ಸುಮಾರು 2 ಲಕ್ಷ ಲೀಟರ್. ಇಂಗಿದ್ದು, ಆವಿಯಾದದ್ದು ಕಳೆದರೆ ಒಂದು ಎಕರೆಗೆ ಒಂದು ನೀರು. ಇಷ್ಟೇನಾ ಅನ್ನಿಸಬಹುದು. ಆದರೆ ತೆನೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟಾಗ ಆ ಒಂದು ನೀರೇ ಬೆಳೆ ಉಳಿಸುತ್ತದೆ. ಹನಿಯಲ್ಲೋ ತುಂತುರಲ್ಲೋ ಕೊಟ್ಟರೆ ಇನ್ನೂ ಜಾಸ್ತಿ ಜಾಗಕ್ಕೆ ಆಗುತ್ತದೆ. ಹೊಂಡಕ್ಕೆ ಹೋಗುವ ನೆಲ ಒಂದೂವರೆ ಗುಂಟೆ, ತೆಗೆದ ಮಣ್ಣು ಹಾಕಲು ಇನ್ನಷ್ಟು. ಇದು ಬಾವಿಯ ಬದಲಿಗೆ ಅಂತ ತಿಳಿದು ತೆಗೆಸಿದರೆ ನಿರಾಸೆ ಆಗುತ್ತದೆ.

ಜಾಗ ಆರಿಸುವುದು ಬಹಳ ಮುಖ್ಯ. ಜೆಸಿಬಿ ಬರಲು ಅನುಕೂಲ ಅಂತ ದಾರಿ ಪಕ್ಕದ ಎತ್ತರದಲ್ಲಿ ತೆಗೆಸಿದ ಹೊಂಡ ತುಂಬುವುದೇ ಇಲ್ಲ. ಹೊಲದ ನೀರು ತಾನಾಗಿಯೇ ಹರಿದು ಬರುವ ಇಳಿಜಾರಿನ ಕಡೆ ಬೇಕು. ಒಳಗೆ ಬರುವ ದಾರಿಯಲ್ಲಿ ಒಂದು ಸಣ್ಣ ಹೂಳುಗುಂಡಿ ಮಾಡಿ, ಮಣ್ಣು ಅಲ್ಲೇ ಕೂರುತ್ತದೆ. ಹೆಚ್ಚಾದ ನೀರು ಹೊರಗೆ ಹೋಗಲು ಕಲ್ಲಿನ ಕೋಡಿ ಬೇಕು. ಎರೆ ಮಣ್ಣಿನ ದಡ ಕಡಿದಾಗಿದ್ದರೆ ಕುಸಿಯುತ್ತದೆ, ಹಾಗಾಗಿ ಇಳಿಜಾರು ಜಾಸ್ತಿ ಇರಲಿ, ನೀರು ಸ್ವಲ್ಪ ಕಡಿಮೆ ಹಿಡಿದರೂ ಪರವಾಗಿಲ್ಲ.

ಇದನ್ನು ಮಾತ್ರ ಮರೆಯಬೇಡಿ: ಕಾರ್ಯಾದೇಶ ಕೈಗೆ ಬರುವ ಮುಂಚೆ ಹೊಂಡ ತೋಡಿಸಬೇಡಿ. ಇಲಾಖೆಯವರು ಖಾಲಿ ಜಾಗದ ಫೋಟೊ, ಕೆಲಸ ನಡೆಯುವಾಗಿನ ಫೋಟೊ, ಮುಗಿದ ಮೇಲಿನ ಫೋಟೊ ಎಲ್ಲವನ್ನೂ ಜಾಗದ ಗುರುತಿನ ಜೊತೆ ದಾಖಲಿಸುತ್ತಾರೆ. ಮೊದಲೇ ತೋಡಿದ ಹೊಂಡಕ್ಕೆ ಆಮೇಲೆ ಬಿಲ್ ಮಾಡಿಸುವುದು ಆಗದ ಮಾತು.

ಶೇ 90 ಅಂದರೆ ಯಾವುದರ ಶೇ 90?

ಹನಿ ನೀರಾವರಿ ವಿಷಯದಲ್ಲಿ ಎಷ್ಟೋ ಜನ ತಿಳಿಯದೆ ಹೋಗುವ ಪ್ರಶ್ನೆ ಇದು. ಕೇಂದ್ರದ ಮಾರ್ಗಸೂಚಿಯಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನ. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಹಾಗಾಗಿ ಕರ್ನಾಟಕದಲ್ಲಿ 2 ಹೆಕ್ಟೇರ್‌ವರೆಗೆ ಶೇ 90ರ ತನಕ ಸಿಗುತ್ತ ಬಂದಿದೆ.

ಆದರೆ ಈ ಶೇಕಡಾ ಲೆಕ್ಕ ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಅಂಗಡಿಯವನು ಕೊಟ್ಟ ಬಿಲ್ ಮೇಲೆ ಅಲ್ಲ. ಲೆಕ್ಕಕ್ಕೆ ಹೇಳುವುದಾದರೆ, ನಿಮ್ಮ ಹೊಲಕ್ಕೆ ಸರ್ಕಾರದ ವೆಚ್ಚ 1 ಲಕ್ಷ ಅಂತ ಇದ್ದು ಬಿಲ್ 1 ಲಕ್ಷ 30 ಸಾವಿರ ಆಯಿತು ಅಂತಿಟ್ಟುಕೊಳ್ಳಿ. ಸಹಾಯಧನ 90 ಸಾವಿರ. ನಿಮ್ಮ ಕೈಯಿಂದ ಹೋಗುವುದು 40 ಸಾವಿರ. "ಹತ್ತು ಪರ್ಸೆಂಟ್ ಕಟ್ಟಿದ್ರ ಸಾಕು" ಅಂತ ಏಜೆಂಟ್ ಹೇಳಿದರೆ ಯಾವುದರ ಹತ್ತು ಪರ್ಸೆಂಟ್ ಅಂತ ಕೇಳಿ, ಬರೆದು ಕೊಡಲು ಹೇಳಿ. ಇಲಾಖೆ ಒಪ್ಪಿದ ಕಂಪನಿಗಳ ಪಟ್ಟಿ ಕಚೇರಿಯಲ್ಲೇ ಇರುತ್ತದೆ. ಒಮ್ಮೆ ಸಹಾಯಧನ ಪಡೆದ ಹೊಲಕ್ಕೆ ಮತ್ತೆ ಸಿಗಲು ಏಳು ವರ್ಷ ಕಾಯಬೇಕು. ಆದ್ದರಿಂದ ಅಗ್ಗದ ಪೈಪ್ ಹಾಕಿಸಿಕೊಂಡು ಪಶ್ಚಾತ್ತಾಪ ಪಡಬೇಡಿ.

ಕಬ್ಬು, ತೊಗರಿಗೆ ಹನಿ ಬೇಕಾದರೆ ಕೃಷಿ ಇಲಾಖೆ. ದ್ರಾಕ್ಷಿ, ದಾಳಿಂಬೆ, ಲಿಂಬೆಗೆ ತೋಟಗಾರಿಕೆ ಇಲಾಖೆ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಆ ಕಡೆ ಹೊಸದಾಗಿ ಲಿಂಬೆ ಹಚ್ಚುವವರೂ ಇದನ್ನು ಗಮನಿಸಬೇಕು. ತಪ್ಪು ಕಚೇರಿಯಲ್ಲಿ ಸರದಿ ನಿಂತರೆ ಏನೂ ಆಗುವುದಿಲ್ಲ.

ಬೆಳೆಸಾಲ: ಬ್ಯಾಂಕೋ, ಸಹಕಾರಿ ಸಂಘವೋ?

ಕಿಸಾನ್ ಕ್ರೆಡಿಟ್ ಕಾರ್ಡ್ ಶುರುವಾದದ್ದು 1998ರಲ್ಲಿ. ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದಂತೆ ಇದು. ಇಂತಿಷ್ಟರವರೆಗೆ ಅಂತ ಮಿತಿ ಇರುತ್ತದೆ, ಬೇಕಾದಾಗ ಬೇಕಾದಷ್ಟು ತೆಗೆಯಬಹುದು, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಮಂಜೂರಾದ ದಿನವೇ ಪೂರ್ತಿ ತೆಗೆದು ಮನೆಯಲ್ಲಿಟ್ಟರೆ ಬಡ್ಡಿ ಸುಮ್ನೆ ಓಡುತ್ತದೆ.

ಮಿತಿ ಹೇಗೆ ಗೊತ್ತಾಗುತ್ತದೆ? ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಅಂತ ಜಿಲ್ಲೆಯಲ್ಲಿ ಒಂದು ಸಮಿತಿ ಪ್ರತಿ ವರ್ಷ ನಿಗದಿ ಮಾಡುತ್ತದೆ. ಅದಕ್ಕೆ ನಿಮ್ಮ ಎಕರೆ ಗುಣಿಸಬೇಕು. ಬಂದದ್ದಕ್ಕೆ ಮನೆ ಖರ್ಚು ಮತ್ತು ಸುಗ್ಗಿ ನಂತರದ ಖರ್ಚಿಗೆ ಶೇ 10, ಪಂಪ್, ಸಲಕರಣೆ ದುರಸ್ತಿಗೆ ಶೇ 20 ಸೇರಿಸುತ್ತಾರೆ. ಉದಾಹರಣೆಗೆ ಎಕರೆಗೆ 40 ಸಾವಿರದಂತೆ ಮೂರು ಎಕರೆಗೆ 1 ಲಕ್ಷ 20 ಸಾವಿರ ಆದರೆ, ಎರಡೂ ಸೇರಿ 1 ಲಕ್ಷ 56 ಸಾವಿರ. ಈ ಲೆಕ್ಕವನ್ನು ತೋರಿಸಿ ಅಂತ ಬ್ಯಾಂಕಿನಲ್ಲಿ ಕೇಳಲು ಹಿಂಜರಿಯಬೇಡಿ.

ಬಡ್ಡಿ 3 ಲಕ್ಷದವರೆಗೆ ಶೇ 7. ಗಡುವಿನೊಳಗೆ ಕಟ್ಟಿದರೆ ಶೇ 3 ಕಡಿಮೆ, ಅಂದರೆ ಶೇ 4. 2 ಲಕ್ಷ ಇಡೀ ವರ್ಷ ಇಟ್ಟುಕೊಂಡು ದಿನಕ್ಕೆ ಸರಿಯಾಗಿ ಕಟ್ಟಿದರೆ ಬಡ್ಡಿ 8 ಸಾವಿರ. ಅದೇ 2 ಲಕ್ಷವನ್ನು ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ತಂದರೆ ವರ್ಷಕ್ಕೆ 72 ಸಾವಿರ. ಮೂರು ರೂಪಾಯಿ ಅಂದಾಗ ಚಿಕ್ಕದಾಗಿ ಕೇಳಿಸುತ್ತದೆ ಅಲ್ವಾ? ವರ್ಷದ ಲೆಕ್ಕ ಹಾಕಿದಾಗಲೇ ಅದರ ಭಾರ ಗೊತ್ತಾಗುವುದು.

2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಹೊಲ ಅಡ ಇಡಬೇಕಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೊದಲು ಈ ಮಿತಿ 1 ಲಕ್ಷ 60 ಸಾವಿರ ಇತ್ತು.

ಇನ್ನು ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಇದಕ್ಕೆ ದುಡ್ಡು ಬರುವುದು ಜಿಲ್ಲೆಯ ಸಹಕಾರಿ ಬ್ಯಾಂಕಾದ ಡಿಸಿಸಿ ಬ್ಯಾಂಕಿನಿಂದ, ಅದಕ್ಕೆ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕಿನಿಂದ, ಅದಕ್ಕೆ ಹೆಚ್ಚಿನದು ಕೃಷಿ ಸಾಲಕ್ಕೆ ದುಡ್ಡು ಒದಗಿಸುವ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್‌ನಿಂದ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿದ ಪತ್ತಿನ ಸಂಘದ ದಾರಿಯಲ್ಲೇ ಬೆಳೆದ ವ್ಯವಸ್ಥೆ ಇದು. ರಾಜ್ಯ ಸರ್ಕಾರ 2023-24ರಲ್ಲಿ ಇಲ್ಲಿನ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲಕ್ಕೆ ಶೇ 3 ಬಡ್ಡಿ, ಮಿತಿ 15 ಲಕ್ಷ.

ಹಾಗಾದರೆ ಎಲ್ಲರಿಗೂ 5 ಲಕ್ಷ ಯಾಕೆ ಸಿಗುವುದಿಲ್ಲ? 5 ಲಕ್ಷ ಅನ್ನುವುದು ಬಡ್ಡಿ ರಿಯಾಯಿತಿಯ ಗರಿಷ್ಠ ಮಿತಿ. ಅಷ್ಟು ಕೊಟ್ಟೇ ಕೊಡುತ್ತೇವೆ ಅನ್ನುವ ಮಾತಲ್ಲ. ಸಂಘದ ಪೆಟ್ಟಿಗೆಯಲ್ಲಿ ಎಷ್ಟಿದೆಯೋ ಅಷ್ಟೇ ಹಂಚಲು ಸಾಧ್ಯ. 2024-25ರಲ್ಲಿ ನಬಾರ್ಡ್ ರಾಜ್ಯಕ್ಕೆ ಕೊಡುವ ರಿಯಾಯಿತಿ ದರದ ದುಡ್ಡು 5,600 ಕೋಟಿಯಿಂದ 2,340 ಕೋಟಿಗೆ ಇಳಿಯಿತು. ಮೇಲೆ ಕಡಿಮೆಯಾದದ್ದು ಕೆಳಗಿನ ಸಂಘದ ತನಕ ತಟ್ಟುತ್ತದೆ. ಜೊತೆಗೆ ಸಾಲ ಸಿಗಬೇಕಾದರೆ ಮೊದಲು ಸಂಘದ ಸದಸ್ಯರಾಗಿರಬೇಕು. ಬಿತ್ತನೆ ವಾರದಲ್ಲಿ ಹೋಗಿ ಸದಸ್ಯತ್ವ ಕೇಳಿದರೆ ಆ ಹಂಗಾಮಿಗೆ ಆಗುವುದಿಲ್ಲ.

ಬ್ಯಾಂಕಿನಲ್ಲಾಗಲಿ ಸಂಘದಲ್ಲಾಗಲಿ ಬೆಳೆಸಾಲ ಪಡೆದವರಿಗೆ ಬೆಳೆವಿಮೆ ಕಂತು ತಾನಾಗಿಯೇ ಕಡಿತ ಆಗುತ್ತದೆ. ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಬೇಡವಾದರೆ ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚೆ ಬರೆದು ಕೊಡಬೇಕು. ಬೇಕಾದರೆ ಒಂದು ಎಚ್ಚರಿಕೆ: ವಿಮೆಯಲ್ಲಿ ತೊಗರಿ ಅಂತ ಬರೆದು ಹೊಲದಲ್ಲಿ ಹತ್ತಿ ಇದ್ದರೆ, ಬೆಳೆ ಸಮೀಕ್ಷೆಗೆ ಹೊಂದದ ಕಾರಣ ಪರಿಹಾರ ನಿಲ್ಲುತ್ತದೆ. ಬೆಳೆ ಬದಲಿಸಿದರೆ ತಕ್ಷಣ ತಿಳಿಸಿ.

ಲಾವಣಿಗೆ (ಗೇಣಿಗೆ) ಹೊಲ ಮಾಡುವವರ ಪಾಡು

ಇಲ್ಲಿ ನಿಜಕ್ಕೂ ತೊಂದರೆ ಇದೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಹಾಗಾಗಿ ಹೊಲ ಲಾವಣಿ ಕೊಟ್ಟವರು ಬರೆದು ಕೊಡಲು ಹೆದರುತ್ತಾರೆ. ದುಡಿಯುವವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಸಹಾಯಧನ, ಎಫ್‌ಐಡಿ, ಪರಿಹಾರ ಎಲ್ಲವೂ ಉತಾರದಲ್ಲಿ ಹೆಸರಿದ್ದವರಿಗೆ ಹೋಗುತ್ತವೆ.

ಆದರೆ ಸಾಲಕ್ಕೆ ಒಂದು ದಾರಿ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮದಲ್ಲಿ ಬಾಯಿಮಾತಿನ ಗೇಣಿದಾರರು, ಪಾಲಿಗೆ ಮಾಡುವವರೂ ಸೇರಿದ್ದಾರೆ. ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ, ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯಬಹುದು. ಎಮ್ಮೆ, ಆಡು ಸಾಕುವವರಿಗೂ 2018-19ರಿಂದ ಈ ಕಾರ್ಡ್ ತೆರೆದಿದೆ. ಅದಕ್ಕೆ ಹೊಲ ಇರಲೇಬೇಕೆಂದಿಲ್ಲ.

ಇಲ್ಲ ಅಂದರೆ ಮುಂದೇನು?

ಅರ್ಜಿ ಕೊಟ್ಟ ಪ್ರತಿಸಲ ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ "ಆಗಂಗಿಲ್ಲ" ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಸಹಾಯಧನದಲ್ಲಿ ಪ್ರತಿ ಹೋಬಳಿಗೆ ಇಂತಿಷ್ಟು ಅಂತ ಗುರಿ ಇರುತ್ತದೆ, ಅದು ಮುಗಿದಿದ್ದರೆ ಮುಂದಿನ ಏಪ್ರಿಲ್ ಹೊತ್ತಿಗೆ ಮತ್ತೆ ವಿಚಾರಿಸಬೇಕಾಗುತ್ತದೆ. ಬ್ಯಾಂಕ್ ಸಾಲದ ತಕರಾರಿದ್ದರೆ ಮೊದಲು ಅದೇ ಬ್ಯಾಂಕಿಗೆ ಬರೆದು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರನ್ನೂ ಕಾಣಬಹುದು. ಪಿಕೆಪಿಎಸ್ ವಿಷಯವಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ.

ಯಾವ ಕಚೇರಿ ಅನ್ನುವುದೇ ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವಾಗ ಎಫ್‌ಐಡಿ ನಂಬರ್ ಮತ್ತು ಸರ್ವೆ ನಂಬರ್ ಮುಂದೆ ಇಟ್ಟುಕೊಳ್ಳಿ.